ತಪ್ಪು ಅಚ್ಚಿನ ನಾಣ್ಯವೂ ತಪ್ಪು ಲೆಕ್ಕವೂ

ಟಂಕಸಾಲೆಯಲ್ಲಿ ಕೆಟ್ಟು ಹೊರಬಿದ್ದ ನಾಣ್ಯಕ್ಕೆ ಬಂಗಾರದಂತೆ ಬೆಲೆ ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆ ನಮ್ಮ ಬಂಧುವರ್ಗದಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬೇರೂರಿದೆ. ಬಹುಕಾಲದಿಂದ ನಾಣ್ಯಗಳನ್ನು ಕೂಡಿಡುತ್ತ ಬಂದಿರುವ ನಾನು ಇದನ್ನು ಒಪ್ಪಲಾರೆ. ಕೇವಲ ಅಭಿರುಚಿಯ ಭೇದವಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಇದರ ಹಿಂದೆ ಮನೆಮಂದಿಯ ಉಳಿತಾಯ ಹೋಗುತ್ತಿದೆ.

ಈ ನಂಬಿಕೆಯವರು ತಪ್ಪದೆ ಮುಂದಿಡುವ ಸಾಕ್ಷ್ಯ ಅಮೆರಿಕದ 1955ರ ಒಂದು ಸೆಂಟಿನ ನಾಣ್ಯ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಒಂದು ಅಚ್ಚನ್ನು ಸಿದ್ಧಪಡಿಸುವಾಗ ಎರಡನೆಯ ಒತ್ತು ತುಸು ತಿರುಗಿ ಬಿದ್ದಿತು. ಆ ಅಚ್ಚಿನಿಂದ ಬಂದ ನಾಣ್ಯಗಳಲ್ಲಿ ಇಸವಿಯೂ ಅಕ್ಷರಗಳೂ ಜೋಡಿಯಾಗಿ ಕಾಣುತ್ತವೆ. ದೋಷ ಗೊತ್ತಾಗುವಷ್ಟರಲ್ಲಿ ಅವು ಒಳ್ಳೆಯ ನಾಣ್ಯಗಳೊಡನೆ ಬೆರೆತುಹೋಗಿದ್ದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳು ಹೊರಗೆ ಹೋದವೆಂದು ಅಂದಾಜು. ಸಿಗರೇಟು ಮಾರುವ ಯಂತ್ರದ ಪೊಟ್ಟಣಗಳಲ್ಲಿ ಚಿಲ್ಲರೆಯಾಗಿ ಇಟ್ಟ ಸೆಂಟುಗಳಲ್ಲಿಯೂ ಅವು ಸಿಕ್ಕವು. ಇಂದಿಗೂ ಅಂಥದೊಂದಕ್ಕೆ ಸಾವಿರ ಡಾಲರು ಕೊಡುವವರಿದ್ದಾರೆ.

ನಿಜ. ಆದರೆ ಏಕೆ ಕೊಡುತ್ತಾರೆ? ಲಿಂಕನ್ ಸೆಂಟನ್ನು ವರ್ಷವರ್ಷದಂತೆ ಜೋಡಿಸಿಡುವ ಲಕ್ಷಾಂತರ ಜನ ಆ ದೇಶದಲ್ಲಿದ್ದಾರೆ. ಅವರ ಬೆಲೆಪುಸ್ತಕದಲ್ಲಿ ಈ ನಾಣ್ಯಕ್ಕೆ ಬೇರೆಯೇ ಒಂದು ಸಾಲಿದೆ. ಇದಿಲ್ಲದಿದ್ದರೆ ಸಾಲು ಪೂರ್ತಿಯಾಗಲಿಲ್ಲವೆಂಬ ಕೊರಗು ಸಂಗ್ರಾಹಕನನ್ನು ಕಾಡುತ್ತದೆ. ಬರಿಗಣ್ಣಿಗೆ ಕಾಣುವ ದೋಷ, ಮಿತವಾದ ಸಂಖ್ಯೆ, ತಲೆಮಾರುಗಳಿಂದ ಕಾದಿರುವ ಕೊಳ್ಳುಗರು: ಈ ಮೂರೂ ಕೂಡಿದ್ದು ಅಪರೂಪ.

ಅದೇ ದೇಶದ 2007ನೆಯ ಇಸವಿಯ ವಾಷಿಂಗ್ಟನ್ ಡಾಲರನ್ನು ನೋಡಿ. ಅದರ ಅಂಚಿನ ಬರಹವನ್ನು ನಾಣ್ಯ ಒತ್ತಿದ ಮೇಲೆ ಬೇರೊಂದು ಯಂತ್ರದಲ್ಲಿ ಮೂಡಿಸುತ್ತಿದ್ದರು. ಆ ಯಂತ್ರಕ್ಕೆ ಹೋಗದೆಯೇ ಅನೇಕ ನಾಣ್ಯಗಳು ಚೀಲ ಸೇರಿದವು. ದೇವರ ಹೆಸರಿದ್ದದ್ದು ಆ ಅಂಚಿನಲ್ಲಿಯೇ ಆದ್ದರಿಂದ ‘ದೇವರಿಲ್ಲದ ಡಾಲರು’ ಎಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಮೊದಲ ದಿನಗಳಲ್ಲಿ ಒಂದೊಂದು ನೂರಾರು ಡಾಲರಿಗೆ ಮಾರಿತು. ಹುಡುಕಿದಷ್ಟೂ ಸಿಗುತ್ತ ಸಾವಿರಗಟ್ಟಲೆ ಹೊರಬಂದಾಗ ಬೆಲೆ ಹಲವು ಪಟ್ಟು ಕುಸಿಯಿತು. ಅವಸರಪಟ್ಟು ಮೊದಲ ವಾರ ಕೊಂಡವನ ಗತಿಯನ್ನು ನೀವೇ ಊಹಿಸಿ. ಸುದ್ದಿಗೆ ಬಂದ ಬೆಲೆ ಸುದ್ದಿಯೊಡನೆ ಹೋಯಿತು.

ನಮ್ಮಲ್ಲಿಗೆ ಬಂದರೆ ಸ್ಥಿತಿ ಇನ್ನೂ ದುರ್ಬಲ. ಬಿಲ್ಲೆ ಅಚ್ಚಿನ ನಡುವೆ ಕೂರದೆ ಚಿತ್ರ ಪಕ್ಕಕ್ಕೆ ಸರಿದದ್ದು, ಲೋಹದ ಪಟ್ಟಿಯ ಹಳೆಯ ತೂತಿನ ಮೇಲೆ ಕತ್ತರಿ ಬಿದ್ದು ಅಂಚು ಕಚ್ಚಿದಂತಾದದ್ದು, ಹಿಂದಿನ ನಾಣ್ಯ ಅಚ್ಚಿಗಂಟಿ ಮುಂದಿನದರಲ್ಲಿ ತಿರುವುಮುರುವಾದ ತಗ್ಗಿನ ಚಿತ್ರ ಮೂಡಿದ್ದು, ಇವೆಲ್ಲ ನೋಡಲು ಬಲು ಸ್ವಾರಸ್ಯವಾದ ವಸ್ತುಗಳು. (ಕೊನೆಯದೊಂದು ನನ್ನ ಬಳಿಯೂ ಇದೆ, ಮೊಮ್ಮಕ್ಕಳಿಗೆ ತೋರಿಸುವುದೇ ಅದರ ಉಪಯೋಗ.) ಆದರೆ ಒಂದರಂತೆ ಇನ್ನೊಂದಿಲ್ಲ. ಹೋಲಿಕೆಯೇ ಇಲ್ಲದ ವಸ್ತುವಿಗೆ ಬೆಲೆ ನಿರ್ಧರಿಸುವವರು ಯಾರು? ಮಾರುವವನು ಹೇಳಿದ್ದೇ ಬೆಲೆ. ಹೈದರಾಬಾದಿನ ನಕ್ಷತ್ರ, ಮುಂಬಯಿಯ ವಜ್ರಾಕೃತಿ, ನೊಯ್ಡಾದ ಚುಕ್ಕೆ, ಗುರುತಿಲ್ಲದ ಕೊಲ್ಕತ್ತ ಎಂಬ ಭೇದಗಳನ್ನೂ ಈಗ ‘ಅಪರೂಪ’ವೆಂದು ಮಾರುತ್ತಾರೆ. ಕೋಟಿಗಟ್ಟಲೆ ಅಚ್ಚಾದ ನಾಣ್ಯದ ಕೆಳಗೆ ಚುಕ್ಕೆ ಇದ್ದ ಮಾತ್ರಕ್ಕೆ ಅದು ಅಪರೂಪವಾಗುವುದೆಂತು?

ಇನ್ನು ಎರಡೂ ಕಡೆ ಒಂದೇ ಮುಖವಿರುವ ನಾಣ್ಯ. ಒಂದನ್ನು ಟೊಳ್ಳಾಗಿ ಕೊರೆದು ಇನ್ನೊಂದನ್ನು ತೆಳುವಾಗಿ ಅರೆದು ಒಳಗೆ ಕೂರಿಸುವ ಕೆಲಸ ಅದು. ಭೂತಗನ್ನಡಿ ಹಿಡಿದರೆ ಅಂಚಿನ ಒಳಬದಿಯಲ್ಲಿ ಕೂಡುಗೆರೆ ಕಾಣುತ್ತದೆ.

ನನ್ನ ವಿದ್ಯಾರ್ಥಿಯೊಬ್ಬ ಮಗಳ ಓದಿಗೆಂದು ಕೂಡಿಟ್ಟ ಹಣದಲ್ಲಿ ಇಂಥ ದೋಷನಾಣ್ಯಗಳ ಆಲ್ಬಮ್ಮನ್ನೇ ಕೊಂಡ. ಶುಲ್ಕ ಕಟ್ಟುವ ಕಾಲಕ್ಕೆ ಮಾರಲು ಹೋದರೆ, ಮಾರಿದ ಅಂಗಡಿಯವನೇ ಕೊಟ್ಟ ಬೆಲೆಯ ಮೂರನೆಯ ಒಂದು ಪಾಲನ್ನೂ ಕೊಡಲೊಪ್ಪಲಿಲ್ಲ. “ಮೇಷ್ಟ್ರೇ, ಬೆಲೆ ಪಟ್ಟಿಯಲ್ಲಿ ಹತ್ತು ಸಾವಿರ ಎಂದಿದೆಯಲ್ಲ” ಎಂದು ನನ್ನನ್ನು ಕೇಳಿದ. ಯಾರೋ ಕೇಳಿದ ಬೆಲೆಗೂ ಯಾರಾದರೂ ತೆತ್ತ ಬೆಲೆಗೂ ಇರುವ ಅಂತರವನ್ನು ಆ ಪಟ್ಟಿ ಹೇಳುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನವೇ ಕೇಳಿ: “ಇದನ್ನೇ ನಾಳೆ ತಂದರೆ ಎಷ್ಟಕ್ಕೆ ತೆಗೆದುಕೊಳ್ಳುವಿರಿ?” ಉತ್ತರದಲ್ಲಿ ತಡವರಿಕೆ ಕಂಡರೆ ಎದ್ದು ಬನ್ನಿ. ಸಂತೋಷಕ್ಕಾಗಿ ಕೊಳ್ಳುವವರ ಮಾತು ಬೇರೆ. ಸಿನಿಮಾ ಟಿಕೆಟ್ಟಿನ ಹಣವನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ವಾಟ್ಸಾಪಿನ ವ್ಯವಹಾರ. ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬಕ್ಕೆ 2012ರಲ್ಲಿ ಅಚ್ಚಾದ ಐದು ರೂಪಾಯಿಯ ನಾಣ್ಯವಿದ್ದರೆ ಲಕ್ಷಗಳು ಬರುತ್ತವೆಂಬ ಸಂದೇಶ ನಿಮಗೂ ಬಂದಿರಬಹುದು. ಅದರಲ್ಲಿ ದೋಷವೂ ಇಲ್ಲ, ಅಪರೂಪವೂ ಇಲ್ಲ. ನಮ್ಮ ಕುಟುಂಬದ ಹಿರಿಯರೊಬ್ಬರು ಇದನ್ನು ನಂಬಿ ‘ನೋಂದಣಿ ಶುಲ್ಕ’ವೆಂದು ಒಮ್ಮೆ, ‘ತೆರಿಗೆ’ಯೆಂದು ಇನ್ನೊಮ್ಮೆ ಹಣ ಕಳುಹಿಸಿದರು. ಆಚೆಯವನು ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿದ್ದನಂತೆ. ತಾನು ಇಂಥ ಕೊಡುಕೊಳ್ಳುವಿಕೆಯಲ್ಲಿ ತೊಡಗಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಆ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿತ್ತು. ಆ ಪ್ರಕಟಣೆ ಇಂಗ್ಲಿಷಿನಲ್ಲಿ ಯಾರ ಕಣ್ಣಿಗೆ ಬಿದ್ದಿತೋ. ಸಂದೇಶ ಮಾತ್ರ ಅಚ್ಚಗನ್ನಡದಲ್ಲಿ ಅವರ ಫೋನಿಗೆ ಬಂದಿತು. ಮನೆಯಲ್ಲಿ ಹಿರಿಯರಿರುವವರು ಇಂದು ಸಂಜೆಯೇ ಈ ಪ್ರಕಟಣೆಯ ಸಾರವನ್ನು ಅವರಿಗೆ ಓದಿಹೇಳಿ.