ಹೆಸರು ಡಿಜೋನ್, ಘಾಟು ಎಲ್ಲಿಯದು?

ಡಿಜೋನ್ ಸಾಸಿವೆ ಎಂಬ ಗೊಜ್ಜಿನ ಹೆಸರು ಫ್ರಾನ್ಸಿನ ಆ ಊರಿನ ಗುರುತಲ್ಲ, ತಯಾರಿಕೆಯ ವಿಧಾನ; ಅಲ್ಲಿನ 1937ರ ಆದೇಶವೇ ಹಾಗೆಂದಿತ್ತು. ಹಾಗಾಗಿ ಯಾವ ದೇಶದಲ್ಲಿ ಅರೆದರೂ ಅದೇ ಹೆಸರು, ರುಚಿ ಮಾತ್ರ ಬೇರೆ ಬೇರೆ. ಕಾಳು ಬಹುಪಾಲು ಕೆನಡಾದ್ದೇ ಆಗಿರುವಾಗ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವವರಿದ್ದಾರೆ. ಕಾಳಿನ ಮಾತು ನಿಜ: 2021ರಲ್ಲಿ ಅಲ್ಲಿ ಬರ ಬಿದ್ದು, ಮರುವರ್ಷ ಫ್ರಾನ್ಸಿನ ಅಂಗಡಿಗಳಲ್ಲೇ ಸಾಸಿವೆಗೆ ಪರದಾಟವಾಯಿತು. ಆದರೆ ಘಾಟು ಕಾಳಿನೊಳಗೆ ಸಿದ್ಧವಾಗಿ ಕುಳಿತಿರುವುದಿಲ್ಲ. ಒಡೆದ ಕಾಳಿಗೆ ನೀರು ತಾಗಿದಾಗ ಹುಟ್ಟುತ್ತದೆ (ಹಸಿ ಸಾಸಿವೆ ಅರೆದವರ ಮೂಗಿಗೆ ಇದು ಗೊತ್ತು), ಬಿಸಿ ತಗುಲಿದರೆ, ದಿನ ಕಳೆದರೆ ಇಳಿಯುತ್ತದೆ. ಅರೆಯುವ ಬಗೆ, ಬೆರೆಸುವ ಹುಳಿ, ದಾಸ್ತಾನಿಟ್ಟ ಕಾಲ ಎಲ್ಲವೂ ಮುಖ್ಯ. ಡಿಜೋನ್ ಇರುವ ಬರ್ಗಂಡಿ ಸೀಮೆಯ ಹೆಸರಿನಲ್ಲಿ 2009ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಸಾಸಿವೆಗಾದರೆ ಕಾಳೂ ಬಿಳಿ ವೈನೂ ಅಲ್ಲಿಯದೇ ಆಗಬೇಕು; ಅದರ ಹೆಸರೇ ಮೂಲ ಹೇಳುತ್ತದೆ. ಉಳಿದ ಬಾಟಲಿಗಳ ಮೇಲೂ ಅರೆದ ದೇಶ, ತಿಂಗಳು ದಪ್ಪಕ್ಷರದಲ್ಲಿರಲಿ.