ಅಡಿಕೆಗೆ ಹೋದ ಸ್ಕೋರು

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಮಾಡಿದವರಿಗೆ ಸಿಬಿಲ್ ಸ್ಕೋರ್ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಅದರ ಸ್ವಭಾವ ಚೆನ್ನಾಗಿಯೇ ಗೊತ್ತಿತ್ತು ಅನ್ನಿಸುತ್ತದೆ. ಕಾಲೇಜು ಹುಡುಗರು ಕಂತಿನಲ್ಲಿ ಕೊಳ್ಳುವ ಮೊಬೈಲ್, ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎನ್ನುವ ಆ್ಯಪ್‌ನಲ್ಲಿ ತರಿಸುವ ಶೂ, ತಿಂಗಳ ಕೊನೆಗೆ ಐದೇ ನಿಮಿಷದಲ್ಲಿ ಖಾತೆಗೆ ಬೀಳುವ ಮೂರು ಸಾವಿರ ರೂಪಾಯಿ, ಹೆಸರೇನೇ ಇದ್ದರೂ ಇವೆಲ್ಲ ಸಾಲವೇ. ಡಿಜಿಟಲ್ ಸಾಲ ಎಷ್ಟೇ ಚಿಕ್ಕದಿರಲಿ, ಅದನ್ನು ಕ್ರೆಡಿಟ್ ಬ್ಯೂರೊಗಳಿಗೆ ವರದಿ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನಾಳೆ ನಾವು ಗೃಹ ಸಾಲಕ್ಕೆ ಹೋದಾಗ ಬ್ಯಾಂಕಿನವರು ತೆರೆದು ನೋಡುವುದು ಅದೇ ಕಡತವನ್ನು.

ಇನ್ನೂ ಪದವಿಯೇ ಮುಗಿದಿಲ್ಲ, ಮನೆ ಸಾಲದ ಚಿಂತೆ ಏಕೆ ಎಂದು ಗೆಳೆಯರು ನಗುತ್ತಾರೆ. ಮನೆ ಕಟ್ಟುವುದು ಮೂವತ್ತೈದಕ್ಕೆ ಇರಬಹುದು, ಆದರೆ ಅದರ ಕಡತ ಶುರುವಾಗುವುದು ನಮ್ಮ ಈ ವಯಸ್ಸಿನಲ್ಲೇ. ನಮ್ಮಲ್ಲಿ ಇಂಥ ದಾಖಲೆ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದವರನ್ನು ಬ್ಯಾಂಕ್‌ಗಳು ಸಾಮಾನ್ಯವಾಗಿ ನಗುಮುಖದಿಂದ ಬರಮಾಡಿಕೊಳ್ಳುತ್ತವೆ.

ಆದರೆ ಸ್ಕೋರ್‌ಗಿಂತ ಮುಖ್ಯವಾದದ್ದು ಅದರ ಹಿಂದಿರುವ ವರದಿ. ನನ್ನ ದೊಡ್ಡಮ್ಮನ ಮಗನ ಕತೆ ಕೇಳಿ. ಡಿಪ್ಲೊಮಾ ಓದುವಾಗ ಕಂತಿನಲ್ಲಿ ಫೋನ್ ಕೊಂಡ. ಅರೆಕಾಲಿಕ ಕೆಲಸ ಹೋಯಿತು, ಕಂತು ನಿಂತಿತು. 11 ಸಾವಿರ ಬಾಕಿ ಉಳಿದಾಗ ವಸೂಲಿಯವನು ಫೋನ್ ಮಾಡಿ, ‘ಆರು ಸಾವಿರ ಕಟ್ಟಿಬಿಡಿ, ಸೆಟಲ್ ಮಾಡಿ ಮುಗಿಸೋಣ’ ಎಂದ. ಕಟ್ಟಿದ. ಮುಗಿಯಿತು ಎಂದುಕೊಂಡ. ಆರು ವರ್ಷದ ನಂತರ ಹುಬ್ಬಳ್ಳಿಯಲ್ಲಿ ಒಂದು ಮನೆ ನೋಡಿ ಸಾಲಕ್ಕೆ ಅರ್ಜಿ ಹಾಕಿದಾಗ ವರದಿಯಲ್ಲಿ ಒಂದು ಪದ ಕುಳಿತಿತ್ತು: ‘ಸೆಟಲ್ಡ್’. ನಮ್ಮ ಮಾತಿನಲ್ಲಿ ಸೆಟಲ್ ಎಂದರೆ ವ್ಯವಹಾರ ಚುಕ್ತಾ. ಬ್ಯಾಂಕಿನ ಭಾಷೆಯಲ್ಲಿ, ಇವನು ಪೂರ್ತಿ ಕೊಡಲಿಲ್ಲ, ಕೊಟ್ಟಷ್ಟಕ್ಕೆ ಬಿಟ್ಟೆವು ಎಂದು. ಪೂರ್ತಿ ತೀರಿಸಿದ್ದರೆ ಅಲ್ಲಿ ‘ಕ್ಲೋಸ್ಡ್’ ಎಂದಿರಬೇಕಿತ್ತು. ಅದಾದ ಮೇಲೆ ಅವನು ಸ್ಕೂಟರ್ ಸಾಲವನ್ನು ಒಂದು ದಿನವೂ ತಪ್ಪದೆ ತೀರಿಸಿದ್ದ. ಆದರೂ ಅರ್ಜಿ ವಾಪಸ್ ಬಂತು. ಉಳಿದ ಐದು ಸಾವಿರ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ವರದಿ ತಿದ್ದಿಸುವ ಹೊತ್ತಿಗೆ ಆ ಮನೆ ಬೇರೆಯವರ ಪಾಲಾಗಿತ್ತು.

ಅರ್ಜಿ ತಿರಸ್ಕಾರವಾಗದಿದ್ದರೂ ಹಳೆಯ ಬಾಕಿ ಸುಮ್ಮನೆ ಬಿಡುವುದಿಲ್ಲ. ಇಂದು ಬ್ಯಾಂಕ್‌ಗಳ ಬದಲಾಗುವ ದರದ ಗೃಹ ಸಾಲದಲ್ಲಿ ರೆಪೊದಂಥ ಮಾನದಂಡದ ಮೇಲೆ ಗ್ರಾಹಕನ ಅಪಾಯಕ್ಕೆ ತಕ್ಕಂತೆ ಒಂದಿಷ್ಟು ಬಡ್ಡಿ ಸೇರುತ್ತದೆ. ಲೆಕ್ಕ ಹಾಕಿ ನೋಡಿದೆ. 30 ಲಕ್ಷ ರೂಪಾಯಿ, 20 ವರ್ಷ, ಶೇ 8.5 ಬಡ್ಡಿಯಾದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಶೇ 9.5 ಆದರೆ ಸುಮಾರು 27,964. ಬಡ್ಡಿ ದರ ಬದಲಾಗದೆ ಉಳಿದರೆ 20 ವರ್ಷದಲ್ಲಿ ವ್ಯತ್ಯಾಸ 4.6 ಲಕ್ಷ ದಾಟುತ್ತದೆ. ಫೋನಿನ ಬಾಕಿಗೆ ತೆರುವ ದಂಡ ಇಷ್ಟು ದೊಡ್ಡದಿರಬಹುದು.

ಹಾಗಾದರೆ ಬ್ಯಾಂಕ್ ಕಣ್ಣು ಮುಚ್ಚಿಕೊಂಡು ಸಾಲ ಕೊಡಬೇಕೇ? ಖಂಡಿತ ಅಲ್ಲ. ಬ್ಯಾಂಕ್ ಕೊಡುವುದು ನಮ್ಮಪ್ಪ ಅಮ್ಮನಂಥವರು ಇಟ್ಟ ಠೇವಣಿಯ ಹಣವನ್ನು. ಸಾಲ ತೀರಿಸುವ ಅಭ್ಯಾಸವಿದೆಯೇ ಎಂದು ನೋಡುವುದು ಅದರ ಕರ್ತವ್ಯ. ನನ್ನ ತಕರಾರು ನೋಡುವುದರ ಬಗ್ಗೆ ಅಲ್ಲ, ಎಷ್ಟು ಕಾಲ ಮತ್ತು ಯಾವ ಅಳತೆಯಲ್ಲಿ ನೋಡುತ್ತಾರೆ ಎಂಬುದರ ಬಗ್ಗೆ. ಅಮೆರಿಕದಲ್ಲಿ ಬಹುತೇಕ ಸುಸ್ತಿ ದಾಖಲೆಗಳನ್ನು ಏಳು ವರ್ಷದ ನಂತರ ವರದಿಯಲ್ಲಿ ತೋರಿಸುವಂತಿಲ್ಲ. ಬ್ರಿಟನ್‌ನಲ್ಲಿ ಆರು ವರ್ಷಕ್ಕೆ ಅಳಿಸುತ್ತಾರೆ. ನಮ್ಮಲ್ಲಿ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ಬಂದ ನಿಯಮಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತವೆ. ‘ಗರಿಷ್ಠ’ ಇರಬೇಕಾದ ಜಾಗದಲ್ಲಿ ನಮ್ಮಲ್ಲಿ ‘ಕನಿಷ್ಠ’ ಇದೆ. ಇನ್ನು ಅಳತೆಯ ಮಾತು. ಗೃಹ ಸಾಲಕ್ಕೆ ಮನೆಯೇ ಅಡಮಾನ. 30 ಲಕ್ಷದವರೆಗಿನ ಸಾಲದಲ್ಲೂ ಮನೆಯ ಬೆಲೆಯ ಕನಿಷ್ಠ ಶೇ 10ರಷ್ಟನ್ನು ಕೊಳ್ಳುವವನೇ ಹಾಕಬೇಕು. ಇಷ್ಟು ಭದ್ರತೆ ಇರುವ ಸಾಲಕ್ಕೆ ಆರು ವರ್ಷದ ಹಿಂದಿನ ಐದು ಸಾವಿರ ಅಡ್ಡ ಬರುವುದು ನ್ಯಾಯವೇ?

ಶಿಕ್ಷಣ ಸಾಲದ ವಿಷಯದಲ್ಲಿ ಒಂದು ಸಣ್ಣ ಕಿಟಕಿ ತೆರೆದಿದೆ. ಸಿಬಿಲ್ ಸ್ಕೋರ್ ಕಡಿಮೆ ಎಂಬ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲದ ಅರ್ಜಿ ತಳ್ಳಿಹಾಕಬಾರದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಉದ್ಯೋಗದಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸಿದೆ. ಸಾಲದ ಇತಿಹಾಸ ಸರಿಯಿಲ್ಲವೆಂದು ಬ್ಯಾಂಕೊಂದು ಅಭ್ಯರ್ಥಿಯ ನೇಮಕಾತಿ ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಇದನ್ನು ಗಮನಿಸಬೇಕು. ಕೆಲಸವಿಲ್ಲದೆ ಕಂತು ತಪ್ಪುತ್ತದೆ, ಕಂತು ತಪ್ಪಿದ್ದಕ್ಕೆ ಕೆಲಸ ತಪ್ಪುತ್ತದೆ, ಕೆಲಸವಿಲ್ಲದವನಿಗೆ ಮನೆ ಸಾಲದ ಮಾತೇ ಇಲ್ಲ.

ನಾನು ಕೇಳುವುದು ಎರಡೇ. ಒಂದು, ಸಣ್ಣ ಮೊತ್ತದ ಸುಸ್ತಿಯ ದಾಖಲೆಗೆ ಕೊನೆಯ ದಿನಾಂಕವಿರಲಿ. ಬಾಕಿ ಪೂರ್ತಿ ಕಟ್ಟಿ, ಮೂರ್ನಾಲ್ಕು ವರ್ಷ ಶಿಸ್ತಿನಿಂದ ನಡೆದುಕೊಂಡವನ ಹಳೆಯ ಕಲೆ ಅಳಿಯಲಿ. ಎರಡು, ಸೆಟಲ್‌ಮೆಂಟ್‌ಗೆ ಒಪ್ಪಿಗೆ ಪಡೆಯುವ ಮುನ್ನ, ಇದು ನಿಮ್ಮ ವರದಿಯಲ್ಲಿ ಹೀಗೆ ದಾಖಲಾಗುತ್ತದೆ ಎಂದು ಕನ್ನಡದಲ್ಲಿ ಬರೆದು ತಿಳಿಸುವುದು ಕಡ್ಡಾಯವಾಗಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಪ್ರತಿ ಬ್ಯೂರೊ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ದೂರು ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಪಡೆಯುವ ಹಕ್ಕಿದೆ. ಸ್ಕೋರ್ ಬೆಳೆಸಲು ಈಗಲೇ ಕ್ರೆಡಿಟ್ ಕಾರ್ಡ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಆತುರ ಬೇಡ. ಸಾಲದ ಇತಿಹಾಸವೇ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಎಂದು ಬ್ಯಾಂಕ್‌ಗಳಿಗೆ ಸೂಚಿಸಿರುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಲೋಕಸಭೆಗೆ ತಿಳಿಸಿದೆ.

ಶಿಕ್ಷಣ ಸಾಲ ಪಡೆದವರು ಇನ್ನೊಂದು ಮಾತು ನೆನಪಿಡಬೇಕು. ಆ ಅರ್ಜಿಯಲ್ಲಿ ಸಾಮಾನ್ಯವಾಗಿ ಅಪ್ಪನೋ ಅಮ್ಮನೋ ಸಹ ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ನಾವು ಕಂತು ತಪ್ಪಿಸಿದರೆ ಅವರ ವರದಿಯಲ್ಲೂ ಅದು ಕಾಣುತ್ತದೆ. ಊರಿನ ಹಳೆಯ ಮನೆಗೆ ಹೊಸ ಚಾವಣಿ ಹಾಕಿಸಲು ಅವರು ಬ್ಯಾಂಕಿಗೆ ಹೋದರೆ ನಮ್ಮ ಬಾಕಿ ಅವರ ಕೈ ಕಟ್ಟುತ್ತದೆ. ಕೆಲಸ ಸಿಗುವುದು ತಡವಾದರೆ ಫೋನ್ ಎತ್ತದೆ ಕೂರುವುದಕ್ಕಿಂತ, ಮೊದಲ ಕಂತು ಬರುವ ಮುನ್ನವೇ ಬ್ಯಾಂಕಿಗೆ ಹೋಗಿ ಕಾಲಾವಕಾಶ ಕೇಳಿ ಅರ್ಜಿ ಕೊಡುವುದು ಎಷ್ಟೋ ವಾಸಿ.