ಇನ್ನೂರು ನಿಮಿಷಗಳ ಒಡೆಯನಾರು?

ಲೆಕ್ಕ ಬರೆದು ಬಲ್ಲವರು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರ ಅಂಕಪಟ್ಟಿಯನ್ನು ಒಮ್ಮೆ ನೋಡಬೇಕು. ಪ್ರತಿಯೊಬ್ಬ ಆಟಗಾರನ ಹೆಸರಿನ ಮುಂದೆ ಅವನು ಅಂಕಣದಲ್ಲಿ ಕಳೆದ ನಿಮಿಷಗಳನ್ನು ನಮೂದಿಸಿರುತ್ತಾರೆ. ಪುರುಷರ ಪಂದ್ಯಕ್ಕೆ ಇಪ್ಪತ್ತು ನಿಮಿಷಗಳ ಎರಡು ಅವಧಿಗಳು. ಏಕಕಾಲಕ್ಕೆ ಆಡುವವರು ಐವರು. ಆದ್ದರಿಂದ ತಂಡದ ಒಟ್ಟು ಮೊತ್ತ 200ಕ್ಕೆ ತಾಳೆಯಾಗಲೇಬೇಕು. ಪಂದ್ಯ ಸಮವಾಗಿ ಐದು ನಿಮಿಷ ಹೆಚ್ಚುವರಿ ಆಡಿದರೆ 225. ಒಬ್ಬನ ಖಾತೆಗೆ ಜಮೆಯಾದ ನಿಮಿಷವು ಮತ್ತೊಬ್ಬನಿಗೆ ದೊರೆಯದೆ ಹೋದ ನಿಮಿಷವೇ ಆಗಿರುತ್ತದೆ. ಇಷ್ಟು ನಿಖರವಾಗಿ ಲೆಕ್ಕವಿಡುವ ಈ ಸಂಪತ್ತಿನ ಒಡೆಯನಾರೆಂದು ಕೇಳಿದರೆ ಮಾತ್ರ ಆ ದೇಶದ ಕ್ರೀಡಾಲೋಕ ಒಂದೇ ಉತ್ತರ ಕೊಡುತ್ತದೆ: ತರಬೇತುದಾರ. ಅವನು ಯಾರಿಗೆ ಕೊಟ್ಟನೋ ಅವರದು. ಏಕೆ ಕೊಟ್ಟನೆಂದು ಕೇಳುವುದು ಅವಿಧೇಯತೆ.

ಈ ಉತ್ತರ ನೀತಿದೃಷ್ಟಿಯಿಂದ ತಪ್ಪು. ಆ ಇನ್ನೂರು ನಿಮಿಷಗಳು ತಂಡದ ಸಾಮೂಹಿಕ ದುಡಿಮೆಯ ಫಲ. ತರಬೇತುದಾರ ಅವುಗಳ ಪಾಲಕನೇ ಹೊರತು ಮಾಲೀಕನಲ್ಲ. ಪಾಲಕನಾದವನು ಹಂಚಿಕೆಯ ನಿಯಮವನ್ನು ಮೊದಲೇ ಹೇಳಬೇಕು, ಕೊನೆಗೆ ಲೆಕ್ಕ ಒಪ್ಪಿಸಬೇಕು.

ದುಡಿಮೆಯ ಮಾತನ್ನು ಮೊದಲು ನೋಡೋಣ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಋತುವಿನ ಕಾಲದಲ್ಲಿ ಆಟಗಾರನೊಬ್ಬನಿಂದ ವಾರಕ್ಕೆ 20 ಗಂಟೆಗಳವರೆಗೆ ಕಡ್ಡಾಯ ಅಭ್ಯಾಸ ಮಾಡಿಸಬಹುದು. ಈ ಇಪ್ಪತ್ತು ಗಂಟೆ ತಾರಾ ಆಟಗಾರನಿಗೂ ಅಷ್ಟೇ, ಬೆಂಚಿನ ತುದಿಯಲ್ಲಿ ಕುಳಿತವನಿಗೂ ಅಷ್ಟೇ. ವಾಸ್ತವವಾಗಿ ಬೆಂಚಿನವನ ಕೆಲಸ ಹೆಚ್ಚು ಕಠಿಣ. ಮುಂದಿನ ಪಂದ್ಯದ ಎದುರಾಳಿ ಹೇಗೆ ಆಡುತ್ತಾನೆಂಬುದನ್ನು ಕಲಿತು, ಅವನಂತೆಯೇ ಆಡಿ ತೋರಿಸಿ, ಪ್ರಮುಖ ಐವರನ್ನು ಸಜ್ಜುಗೊಳಿಸುವವನು ಅವನೇ. ತನ್ನ ಆಟವನ್ನು ಬದಿಗಿಟ್ಟು ಪರರ ಆಟವನ್ನು ಅಭ್ಯಾಸ ಮಾಡುವ ಈ ಯುವಕರಲ್ಲಿ ಹಲವರಿಗೆ ವಿದ್ಯಾರ್ಥಿವೇತನವೂ ಇರುವುದಿಲ್ಲ. ವಾಕ್-ಆನ್ ಎಂದು ಅವರನ್ನು ಕರೆಯುತ್ತಾರೆ. ಪಂದ್ಯದ ಸಂಜೆ ಅವರ ಹೆಸರಿನ ಮುಂದೆ ಸೊನ್ನೆ. ಪಾಲುದಾರಿಕೆಯ ವ್ಯಾಪಾರದಲ್ಲಿ ಒಬ್ಬನ ದುಡಿಮೆಯನ್ನು ಪೂರ್ತಿ ಪಡೆದು, ಲಾಭ ಹಂಚುವಾಗ ಅವನ ಹೆಸರನ್ನೇ ಎತ್ತದಿದ್ದರೆ ಅದನ್ನು ಏನೆಂದು ಕರೆಯುತ್ತಾರೋ ಇಲ್ಲಿಯೂ ಹಾಗೆಯೇ ಕರೆಯಬೇಕು.

ಅಂಕಗಣಿತ ಸರಳವಾಗಿದೆ. 2024-25ರ ಋತುವಿನವರೆಗೆ ಪ್ರಥಮ ಶ್ರೇಣಿಯ ಪುರುಷರ ತಂಡವೊಂದು 13 ಮಂದಿಗೆ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದಿತ್ತು. ಸಮನಾಗಿ ಹಂಚಿದರೆ ತಲೆಗೆ ಹದಿನೈದು ನಿಮಿಷ ಚಿಲ್ಲರೆ. ಐವರಿಗೆ ತಲಾ 32 ನಿಮಿಷ ಕೊಟ್ಟರೆ 160 ಮುಗಿಯಿತು. ಉಳಿದ ಎಂಟು ಮಂದಿಗೆ 40. ಆ ನಲವತ್ತನ್ನೂ ಇಬ್ಬರೋ ಮೂವರೋ ಹಂಚಿಕೊಂಡರೆ ಮಿಕ್ಕವರು ಊಟದ ಮನೆಯ ಬಾಗಿಲಲ್ಲಿ ನಿಂತವರಂತೆ.

ಈ ಆಟ ಹುಟ್ಟಿದ್ದು ಹೀಗಲ್ಲ. 1891ರ ಡಿಸೆಂಬರಿನಲ್ಲಿ ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಅಧ್ಯಾಪಕ ಜೇಮ್ಸ್ ನೈಸ್ಮಿತ್ ಅವರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಕ್ರೀಡೆಯೊಂದನ್ನು ರೂಪಿಸಿದರು. ಅವರ ತರಗತಿಯಲ್ಲಿ ಇದ್ದವರು ಹದಿನೆಂಟು ವಿದ್ಯಾರ್ಥಿಗಳು. ಮೊದಲ ಪಂದ್ಯದಲ್ಲಿ ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿ. ಅರ್ಥಾತ್, ಹೊರಗೆ ಕುಳಿತವರು ಯಾರೂ ಇರಲಿಲ್ಲ! ಆಟಗಾರರ ಸಂಖ್ಯೆಗೆ ತಕ್ಕಂತೆ ಆಟವನ್ನು ಮಾಡಿದರೇ ಹೊರತು ಆಟಕ್ಕೆ ತಕ್ಕಂತೆ ಮನುಷ್ಯರನ್ನು ಕಳೆಯಲಿಲ್ಲ. ಒಂದು ಪಕ್ಷಕ್ಕೆ ಐವರೆಂಬ ಕಟ್ಟು ಬಂದದ್ದು 1897ರ ವೇಳೆಗೆ. 1920ರ ತನಕ ಒಮ್ಮೆ ಹೊರಬಂದವನು ಆ ಪಂದ್ಯಕ್ಕೆ ಹಿಂದಿರುಗುವಂತಿರಲಿಲ್ಲ. 1920-21ರಲ್ಲಿ ಒಂದು ಬಾರಿ, 1933-34ರಲ್ಲಿ ಎರಡು ಬಾರಿ ಮರಳಲು ಅವಕಾಶವಾಯಿತು. 1944-45ರಲ್ಲಿ ಮಿತಿಯೇ ಹೋಯಿತು. ಹಿಂದಿನ ಕಾಲದ ತರಬೇತುದಾರನಿಗೆ ಒಂದು ನೆಪವಿತ್ತು: ಬದಲಿಯನ್ನು ಕಳುಹಿಸಿದರೆ ಉತ್ತಮನನ್ನು ಪೂರ್ತಿಯಾಗಿ ಕಳೆದುಕೊಳ್ಳಬೇಕಾಗುತ್ತದೆ ಎಂಬುದು. ಇಂದಿನವನಿಗೆ ಆ ನೆಪವಿಲ್ಲ. ಎಷ್ಟು ಬಾರಿಯಾದರೂ ಬದಲಿಸಬಹುದು. ನಿಯಮವು ಕೈಯನ್ನು ಬಿಡಿಸಿಕೊಟ್ಟ ಮೇಲೂ ಹಂಚದಿದ್ದರೆ ಅದು ಮನಸ್ಸಿನ ಜಿಪುಣತನ.

ಗೆಲುವಿನ ವಾದಿಗಳು ಇಲ್ಲಿ ಎದ್ದು ನಿಲ್ಲುತ್ತಾರೆ. ಪಂದ್ಯವನ್ನು ಗೆಲ್ಲಬೇಕಾದದ್ದು ಎಲ್ಲರ ಹಿತ, ದುರ್ಬಲನನ್ನು ಇಳಿಸಿ ಸೋತರೆ ಬಲಿಷ್ಠನ ದುಡಿಮೆಯೂ ವ್ಯರ್ಥವಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಮಪಾಲು ಬೇಕೆಂದು ಇಲ್ಲಿ ಯಾರೂ ಹಟ ಹಿಡಿದಿಲ್ಲ. ಶ್ರಾವಕನ ಹನ್ನೆರಡನೆಯ ವ್ರತಕ್ಕೆ ಹಿರಿಯರು ಇಟ್ಟ ಹೆಸರು ಅತಿಥಿ ಸಂವಿಭಾಗ, ಸಮಭಾಗವೆಂದು ಇಟ್ಟಿಲ್ಲ. ಪಾತ್ರವನ್ನರಿತು ಸರಿಯಾಗಿ ವಿಭಾಗಿಸುವುದು ಬೇರೆ, ಅಳತೆಪಟ್ಟಿ ಹಿಡಿದು ತುಂಡು ಮಾಡುವುದು ಬೇರೆ. ಎತ್ತರದವನಿಗೆ, ಚುರುಕಿನವನಿಗೆ ಹೆಚ್ಚು ನಿಮಿಷ ದೊರೆತರೆ ಆಕ್ಷೇಪವಿಲ್ಲ. ಏಕೆ ದೊರೆಯಿತೆಂಬುದನ್ನು ದೊರೆಯದವನ ಮುಖ ನೋಡಿ ಹೇಳಲು ಬರಬೇಕು, ಅಷ್ಟೆ. ಬಡಿಸುವವರು ನಮ್ಮವರಾದರೆ ಹಿಂದಿನ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆಯನ್ನು ಕನ್ನಡಿಗರು ನಗುತ್ತ ಹೇಳುತ್ತಾರೆ. ಬಡಿಸುವವರು ತನ್ನವರಲ್ಲದವನಿಗೆ ಅದು ನಗೆಯ ಮಾತಲ್ಲ.

ಸಮಯವನ್ನು ಬರಿದೇ ಸಮನಾಗಿಸಿದರೆ ನ್ಯಾಯವಾಗುವುದಿಲ್ಲವೆಂಬುದಕ್ಕೆ ಅಯೋವಾ ರಾಜ್ಯದ ಗ್ರಿನ್ನೆಲ್ ಕಾಲೇಜು ಉತ್ತಮ ನಿದರ್ಶನ. ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ತೃತೀಯ ಶ್ರೇಣಿಯ ಈ ಕಾಲೇಜಿನಲ್ಲಿ ತರಬೇತುದಾರ ಡೇವಿಡ್ ಆರ್ಸೆನಾಲ್ಟ್ ಅವರು 1990ರ ದಶಕದ ಆರಂಭದಿಂದ ಒಂದು ವಿಶಿಷ್ಟ ಪದ್ಧತಿಯನ್ನು ನಡೆಸಿದರು. ಸುಮಾರು ಒಂದು ನಿಮಿಷಕ್ಕೊಮ್ಮೆ ಐವರನ್ನೂ ಒಟ್ಟಿಗೆ ಹೊರತಂದು ಹೊಸ ಐವರನ್ನು ಕಳುಹಿಸುವುದು, ಎಲ್ಲರೂ ಉಸಿರುಗಟ್ಟಿ ಓಡುವುದು, ಬಂದ ಚೆಂಡನ್ನು ತಡಮಾಡದೆ ಎಸೆಯುವುದು. ಬೆಂಚಿನಲ್ಲಿ ಕೊಳೆಯುವವನೇ ಇಲ್ಲದ ಪದ್ಧತಿ. ಆದರೆ ಅದೇ ಕಾಲೇಜಿನಲ್ಲಿ 2012ರ ನವೆಂಬರ್ 20ರಂದು ಜ್ಯಾಕ್ ಟೇಲರ್ ಎಂಬ ಆಟಗಾರ ಒಂದೇ ಪಂದ್ಯದಲ್ಲಿ 138 ಅಂಕ ಗಳಿಸಿದರು. ಅವರು ಚೆಂಡನ್ನು ಬುಟ್ಟಿಗೆ ಎಸೆದದ್ದು 108 ಸಲ. ಅಂಕಣದಲ್ಲಿದ್ದದ್ದು 36 ನಿಮಿಷ. ತಂಡದ 179 ಅಂಕಗಳಲ್ಲಿ ಮಿಕ್ಕ ಎಲ್ಲರ ಪಾಲು 41. ಎಲ್ಲರಿಗೂ ಹಂಚಲೆಂದು ಕಟ್ಟಿದ ಯಂತ್ರವನ್ನು ಒಬ್ಬನ ದಾಖಲೆಗಾಗಿ ತಿರುಗಿಸಿದ ಆ ಸಂಜೆ ಪತ್ರಿಕೆಗಳು ಹಬ್ಬ ಆಚರಿಸಿದವು. ಆ ಯುವಕನನ್ನು ದೂರಬೇಕಾಗಿಲ್ಲ. ಚೆಂಡು ಕೊಟ್ಟರು, ಎಸೆದರು. ಉಳಿದ ನಾಲ್ವರು ಅಂಕಣದೊಳಗೆ ಇದ್ದೂ ಬೆಂಚಿನಲ್ಲಿದ್ದರು.

ಹಂಚಿದರೆ ಸೋಲು ಖಂಡಿತವೆಂಬ ಭಯಕ್ಕೆ ಉತ್ತರ ಕೆಂಟಕಿ ವಿಶ್ವವಿದ್ಯಾಲಯದ 2014-15ರ ತಂಡದಲ್ಲಿದೆ. ತರಬೇತುದಾರ ಜಾನ್ ಕ್ಯಾಲಿಪಾರಿ ಅವರು ಐವರ ಎರಡು ಪಡೆಗಳನ್ನು ಮಾಡಿ ಋತುವನ್ನು ಆರಂಭಿಸಿದರು. ಡಿಸೆಂಬರಿನಲ್ಲಿ ಒಬ್ಬರು ಗಾಯಗೊಂಡ ಮೇಲೆ ಕಟ್ಟುನಿಟ್ಟಿನ ಪಡೆ ಪದ್ಧತಿ ಸಡಿಲವಾಯಿತಾದರೂ ಹಂಚಿಕೆ ನಿಲ್ಲಲಿಲ್ಲ. ಪಂದ್ಯಕ್ಕೆ ಸರಾಸರಿ 30 ನಿಮಿಷವನ್ನು ಯಾರೂ ಮುಟ್ಟಲಿಲ್ಲ. ಆ ತಂಡ ಸತತವಾಗಿ 38 ಪಂದ್ಯಗಳನ್ನು ಗೆದ್ದಿತು. 2015ರ ಏಪ್ರಿಲ್ 4ರಂದು ವಿಸ್ಕಾನ್ಸಿನ್ ಎದುರು ಸೋತದ್ದು ಮೂವತ್ತೊಂಬತ್ತನೆಯದರಲ್ಲಿ. ಕಡಿಮೆ ಆಡಿದವರ ಭವಿಷ್ಯ ಹಾಳಾಯಿತೇ? ಪಂದ್ಯಕ್ಕೆ ಸುಮಾರು 21 ನಿಮಿಷ ಮಾತ್ರ ಆಡಿದ ಕಾರ್ಲ್-ಆಂಥನಿ ಟೌನ್ಸ್ ಅವರನ್ನು ಅದೇ ಜೂನ್ ತಿಂಗಳಲ್ಲಿ ವೃತ್ತಿಪರ ಸಂಘಗಳು ದೇಶಕ್ಕೇ ಮೊದಲಿಗರಾಗಿ ಆರಿಸಿಕೊಂಡವು. ಒಂದು ಪಂದ್ಯದಲ್ಲಿಯೂ ಆರಂಭಿಕ ಐವರಲ್ಲಿ ಇಲ್ಲದ ಡೆವಿನ್ ಬುಕರ್ ಅವರು ಹದಿಮೂರನೆಯವರಾಗಿ ಆಯ್ಕೆಯಾದರು. ನಿಜ, ಅಲ್ಲಿ ಹಂಚಿಕೊಂಡವರೆಲ್ಲ ಬಲಿಷ್ಠರೇ. ಆ ತಂಡದ ವಾಕ್-ಆನ್ ಹುಡುಗರು ಬೆಂಚಿನಲ್ಲೇ ಇದ್ದರು. ಆದರೂ ಶ್ರೇಷ್ಠನಾದವನು ಮೂವತ್ತೈದು ನಿಮಿಷ ಆಡದಿದ್ದರೆ ಲೋಕ ಮುಳುಗುವುದೆಂಬ ಮಾತು ಸುಳ್ಳೆಂದು ಅದರಿಂದ ಸಿದ್ಧವಾಗುತ್ತದೆ.

ಇನ್ನು ಒಂದು ಶಬ್ದದ ವಿಚಾರ. ಗೆಲುವು ಖಚಿತವಾದ ಮೇಲೆ, ಅಥವಾ ಸೋಲು ಖಚಿತವಾದ ಮೇಲೆ, ಕೊನೆಯ ಎರಡು ಮೂರು ನಿಮಿಷ ಬೆಂಚಿನವರನ್ನು ಅಂಕಣಕ್ಕೆ ಬಿಡುತ್ತಾರೆ. ಆ ಅವಧಿಗೆ ಅಮೆರಿಕದವರು ಇಟ್ಟ ಹೆಸರು ಗಾರ್ಬೇಜ್ ಟೈಮ್, ಎಂದರೆ ಕಸದ ಹೊತ್ತು. ತಂದೆತಾಯಿಗಳು ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದು, ತಮ್ಮ ಮಗ ಕೊನೆಗೂ ಎದ್ದು ಬೆಚ್ಚನೆಯ ಮೇಲಂಗಿಯನ್ನು ಕಳಚುವುದನ್ನು ನೋಡುವ ಆ ಎರಡು ನಿಮಿಷಗಳ ಹೆಸರು ಕಸ! ನಾಲ್ಕು ವರ್ಷ ವಾರಕ್ಕೆ ಇಪ್ಪತ್ತು ಗಂಟೆ ಬೆವರು ಸುರಿಸಿದವನಿಗೆ ದೊರೆಯುವ ಫಲ ಅದೊಂದೇ. ವಾಗ್‌ಹಿಂಸೆಗೆ ಇದಕ್ಕಿಂತ ಶಿಷ್ಟಸಮ್ಮತವಾದ ಉದಾಹರಣೆಯನ್ನು ಹುಡುಕುವುದು ಕಷ್ಟ. ಎಷ್ಟೋ ತರಬೇತುದಾರರು ಈ ಕಸವನ್ನೂ ಎಣಿಸಿ ಕೊಡುತ್ತಾರೆ. ಇಪ್ಪತ್ತು ಅಂಕ ಮುಂದಿದ್ದಾಗಲೂ ಪ್ರಮುಖರನ್ನು ಅಂಕಣದಲ್ಲೇ ಉಳಿಸಿಕೊಂಡು, ಮೂವತ್ತು ಸೆಕೆಂಡು ಮಿಕ್ಕಾಗ ಕೃಪೆದೋರುತ್ತಾರೆ.

ಒಲ್ಲದವನು ಬೇರೆ ಕಾಲೇಜಿಗೆ ಹೋಗಬಹುದಲ್ಲ ಎಂಬುದು ಈಚಿನ ಸಮಾಧಾನ. ವರ್ಗಾವಣೆ ಬಯಸುವವರ ಹೆಸರು ನೋಂದಾಯಿಸುವ ವ್ಯವಸ್ಥೆ 2018ರ ಅಕ್ಟೋಬರಿನಲ್ಲಿ ಆರಂಭವಾಯಿತು. ಹಿಂದೆ ಹೊಸ ಕಾಲೇಜಿನಲ್ಲಿ ಒಂದು ವರ್ಷ ಆಡದೆ ಕಾಯಬೇಕಿತ್ತು. 2021ರಲ್ಲಿ ಒಂದು ಬಾರಿಗೆ ಆ ಕಾಯುವಿಕೆ ತಪ್ಪಿತು. 2024ರಿಂದ ಎಷ್ಟು ಬಾರಿಯಾದರೂ ಹೋಗಬಹುದು. ಇದು ಆಟಗಾರನಿಗೆ ದೊರೆತ ಸ್ವಾತಂತ್ರ್ಯವೆಂಬುದು ನಿಜವೇ. ಆದರೆ ಅಂಗಡಿ ಬಿಟ್ಟು ಹೋಗಲು ಬಾಗಿಲು ತೆರೆದಿದೆಯೆಂದು ಹೇಳಿದರೆ ಗುಮಾಸ್ತನಿಗೆ ದುಡಿದ ತಿಂಗಳ ಸಂಬಳ ಕೊಟ್ಟಂತಾಗುವುದಿಲ್ಲ. ಮೇಲಾಗಿ ಈಗ ನಿಮಿಷಗಳಿಗೆ ಬೆಲೆಯೂ ಕಟ್ಟಲ್ಪಟ್ಟಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಕಣ್ಣಿಗೆ ಬಿದ್ದವನ ಹೆಸರಿಗೆ ತಾನೇ ಬೆಲೆ? ಅಂಕಣದ ಸಮಯ ಹಂಚುವವನು ಇಂದು ಆದಾಯವನ್ನೂ ಹಂಚುತ್ತಿದ್ದಾನೆ. ಹಿಂದೆ ಇದು ಅಭಿಮಾನದ ಪ್ರಶ್ನೆಯಾಗಿತ್ತು, ಈಗ ಜೀವನೋಪಾಯದ ಪ್ರಶ್ನೆ.

ಬೇರೆ ರೀತಿ ನಡೆಯುವುದು ಸಾಧ್ಯವಿತ್ತು, ನಡೆದೂ ಇತ್ತು. ನೈಸ್ಮಿತ್ ಅವರು 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಶಿಷ್ಯರಾದವರು ಫಾಗ್ ಆಲನ್. ಆಲನ್ ಅವರ ಕೈಕೆಳಗೆ ಆಡಿದವರು ಡೀನ್ ಸ್ಮಿತ್. 1952ರಲ್ಲಿ ಕ್ಯಾನ್ಸಸ್ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಸ್ಮಿತ್ ಆ ತಂಡದ ಬದಲಿ ಆಟಗಾರ. ಬೆಂಚಿನ ಮರದ ಗಡಸುತನ ಬಲ್ಲವರು. ಅವರು 1961ರಿಂದ 1997ರವರೆಗೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾಗಿದ್ದರು. ಮೊದಲ ಅವಧಿಯಲ್ಲಿ ಬೆಂಚಿನ ಐವರನ್ನು ಒಟ್ಟಾಗಿ ಕಳುಹಿಸುತ್ತಿದ್ದರು. ಅವರಿಗೆ ನೀಲಿ ತಂಡವೆಂದು ಹೆಸರು. ಅದು ಫಲಿತಾಂಶ ತೀರ್ಮಾನವಾದ ಮೇಲಿನ ಭಿಕ್ಷೆಯಲ್ಲ. ಪಂದ್ಯ ಇನ್ನೂ ತೂಗುತ್ತಿದ್ದಾಗಲೇ ಕೊಟ್ಟ ಪಾಲು. ದಣಿದ ಆಟಗಾರ ಮುಷ್ಟಿ ಎತ್ತಿ ತೋರಿಸಿದರೆ ಹೊರಗೆ ಕರೆಯುತ್ತಿದ್ದರು. ಹಾಗೆ ತಾನಾಗಿ ಬಂದವನು ಸುಧಾರಿಸಿಕೊಂಡ ಮೇಲೆ ತಾನಾಗಿಯೇ ಮರಳಿ ಒಳಗೆ ಹೋಗಬಹುದಿತ್ತು. ಸಮಯವನ್ನು ಬಿಟ್ಟುಕೊಟ್ಟವನಿಗೆ ನಷ್ಟವಿಲ್ಲವೆಂಬ ಭರವಸೆ ಇದ್ದರೆ ತಾನೇ ಒಬ್ಬನು ಬಿಟ್ಟುಕೊಡುವುದು? ಅಂತಿಮ ವರ್ಷದ ವಿದ್ಯಾರ್ಥಿಗಳು ತವರಿನ ಕಡೆಯ ಪಂದ್ಯದಲ್ಲಿ, ವಾಕ್-ಆನ್ ಆಗಿದ್ದರೂ, ಆರಂಭಿಕ ಐವರಾಗಿ ಇಳಿಯುತ್ತಿದ್ದರು. ಇಷ್ಟೆಲ್ಲ ಹಂಚಿದ ಸ್ಮಿತ್ ಗೆದ್ದ ಪಂದ್ಯಗಳು 879. ರಾಷ್ಟ್ರೀಯ ಪ್ರಶಸ್ತಿಗಳು ಎರಡು, 1982 ಮತ್ತು 1993. ಅವರು 2015ರ ಫೆಬ್ರವರಿಯಲ್ಲಿ ನಿಧನರಾದ ಮೇಲೆ, ಅವರು ಬರೆದಿಟ್ಟಿದ್ದಂತೆ ಹಳೆಯ ಆಟಗಾರರು ಸುಮಾರು 180 ಮಂದಿಗೆ ಒಂದೊಂದು ಚೆಕ್ ಹೋಯಿತು. ಪ್ರತಿಯೊಬ್ಬರಿಗೂ 200 ಡಾಲರ್, ಹೊರಗೆ ಒಂದು ಊಟಕ್ಕೆ. ಮೈಕೆಲ್ ಜೋರ್ಡಾನ್ ಅವರ ಜೊತೆ ಆಡಿದವರಿಗೂ ಅಷ್ಟೇ, ಎಂದೂ ಆರಂಭಿಕರಾಗದವರಿಗೂ ಅಷ್ಟೇ.

ಆದರೆ ಒಬ್ಬರ ಸೌಜನ್ಯವನ್ನೇ ವ್ಯವಸ್ಥೆಯೆಂದು ನಂಬಿ ಕೂರಲಾಗದು. ಸ್ಮಿತ್ ಅವರ ನಂತರ ಬಂದವನು ಹಾಗಿರಬೇಕೆಂಬ ಕಟ್ಟಳೆಯೇನೂ ಇರಲಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳು ತರಬೇತುದಾರನೊಡನೆ ಮಾಡಿಕೊಳ್ಳುವ ಕರಾರುಗಳಲ್ಲಿ ಪಂದ್ಯಾವಳಿಯ ಗೆಲುವುಗಳಿಗೆ ಪ್ರತ್ಯೇಕ ಬಹುಮಾನದ ಮೊತ್ತವನ್ನು ನಮೂದಿಸುವುದು ವಾಡಿಕೆ. ಎಂದರೆ, ಹಂಚುವವನ ಜೇಬಿಗೂ ಹಂಚಿಕೆಗೂ ನೇರ ಸಂಬಂಧವಿದೆ. ಸ್ವಂತ ಲಾಭವಿರುವ ವಿಷಯದಲ್ಲಿ ಧರ್ಮದರ್ಶಿಯೊಬ್ಬ ಮತ ಹಾಕಲು ಬಂದರೆ ಯಾವ ಆಡಳಿತ ಮಂಡಳಿಯೂ ಒಪ್ಪುವುದಿಲ್ಲ. ಇಲ್ಲಿ ಮತ ಹಾಕುವವನು ಅವನೊಬ್ಬನೇ. ಆದ್ದರಿಂದ ಕೇಳಬೇಕಾದದ್ದು ತರಬೇತುದಾರನನ್ನಲ್ಲ, ಕರಾರು ಬರೆಯುವ ಕಾಲೇಜನ್ನು. ಗೆಲುವಿಗೆ ಇಷ್ಟು ಡಾಲರ್ ಎಂದು ಬರೆದ ಅದೇ ಹಾಳೆಯಲ್ಲಿ ಇನ್ನೊಂದು ಕಲಮನ್ನು ಸೇರಿಸಬಹುದು: ಋತುವಿನ ಮೊದಲ ದಿನ ಹಂಚಿಕೆಯ ನಿಯಮವನ್ನು ಎಲ್ಲ ಆಟಗಾರರ ಮುಂದೆ ಹೇಳತಕ್ಕದ್ದು, ಋತು ಮುಗಿದ ವಾರದೊಳಗೆ, ಯಾರಿಗೆ ಎಷ್ಟು ನಿಮಿಷ, ಏಕೆ ಎಂಬುದನ್ನು ಅವರೆಲ್ಲರನ್ನೂ ಕೂರಿಸಿಕೊಂಡು ಓದತಕ್ಕದ್ದು. ಅಂಕಪಟ್ಟಿಗಳು ಹೇಗೂ ಸಿದ್ಧವಾಗಿಯೇ ಇರುತ್ತವೆ; ಹೊಸದಾಗಿ ಲೆಕ್ಕ ಬರೆಯುವ ಶ್ರಮವೂ ಇಲ್ಲ.